ಮೂರನೆಯ ಮೈಲಿಯ ಕಿತ್ತಳೆ

ಹನ್ನೊಂದು ಜನ. ಇನ್ನೊಮ್ಮೆ ಎಣಿಸುತ್ತೇನೆ, ಬೇಸರಿಸಬೇಡಿ,
ಹೊರಬರುವಾಗಲೂ ಹನ್ನೊಂದೇ ಇರಬೇಕು,
ಅದು ನನ್ನ ನೌಕರಿ.
ಹೆಸರು ಲಿಬೊರಿಯೊ. ಲಿಬೊ ಅಂದರೂ ಓಗೊಡುತ್ತೇನೆ.
ನೀರಿನ ಬಾಟಲಿ ಇದೆಯೇ? ಸೊಳ್ಳೆಯೆಣ್ಣೆ?
ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ.
ಒಳಗಿನ ಕಾನೂನು ಫಲಕದ ಮೇಲಿದೆ:
ಏನನ್ನೂ ಬಿಟ್ಟು ಬರುವಂತಿಲ್ಲ,
ಏನನ್ನೂ ಹೊತ್ತು ತರುವಂತಿಲ್ಲ.
ಗರಿ, ಬೀಜ, ಹೊಳೆಯ ನುಣ್ಣನೆ ಕಲ್ಲು, ಯಾವುದನ್ನೂ.

ಇದು ಎಲೆ ಕತ್ತರಿಸುವ ಇರುವೆಗಳ ಹೆದ್ದಾರಿ, ನೋಡಿ ದಾಟಿ.
ತಲೆಯ ಮೇಲೊಂದು ಹಸಿರು ಚೂರು ಹೊತ್ತು
ಮದುವೆಮನೆಗೆ ತಡವಾದವರ ಹಾಗೆ ಓಡುತ್ತವೆ.
ಆ ಗರ್ಜನೆಗೆ ಬೆಚ್ಚಬೇಡಿ, ಅದು ಕೂಗುಕೋತಿ;
ಗಾತ್ರ ಇಷ್ಟೇ, ಗಂಟಲು ಮಾತ್ರ ನಮ್ಮ ಮಂತ್ರಿಗಳದು.
(ನಗಬಹುದು. ಇಲ್ಲಿ ಎಲ್ಲರೂ ನಗುತ್ತಾರೆ.)
ಕೆಸರಿನಲ್ಲಿ ಮೂರು ಬೆರಳಿನ ಗುರುತು ಟೇಪಿರ್‌ನದು.
ಬೆಲೀಜಿನವರು ನಾವು ಅದನ್ನು ಬೆಟ್ಟದ ಹಸು ಅನ್ನುತ್ತೇವೆ,
ಹಾಲು ಕರೆದವರು ಯಾರೂ ಇಲ್ಲ.

ಜಾಗ್ವಾರ್ ಕಾಣುತ್ತದೆಯೇ?
ಎಲ್ಲರೂ ಮೊದಲ ಮೈಲಿಯಲ್ಲೇ ಕೇಳುತ್ತಾರೆ.
ಇಪ್ಪತ್ತಾರು ವರ್ಷದಲ್ಲಿ ನಾನು ಕಂಡದ್ದು ನಾಲ್ಕು ಸಲ.
ಅದು ನನ್ನನ್ನು ಕಾಣುವುದು ದಿನಾಲೂ.

ಮೂರನೆಯ ಮೈಲಿ. ಇಲ್ಲಿ ಕೂರೋಣ,
ನಿಮಗೆ ದಣಿವಾಗಿರಬೇಕು.

ಇಲ್ಲಿಂದ ಮುಂದಿನದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ.

ನೀವು ಕೂತದ್ದು ನಮ್ಮ ಅಡಿಗೆಮನೆಯಲ್ಲಿ.
ಹಳದಿ ಟೋಪಿಯ ಹೆಂಗಸು ಚೀಲ ಇಳಿಸಿದ ಕಡೆ
ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಹೆಂಚು,
ಹೆಂಚಿನ ಮೇಲೆ ಅವ್ವ ತಟ್ಟಿದ ಮೆಕ್ಕೆಜೋಳದ ರೊಟ್ಟಿ.
ಆ ಕೊಹೂನ್ ತಾಳೆ ಎದ್ದಿರುವುದು
ನನ್ನ ತೂಗುಹಾಸಿಗೆಯ ಕೆಳಗಿನ ನೆಲದಿಂದ.
ನನಗಾಗ ಏಳು. ಸರ್ಕಾರದವರು ನಕ್ಷೆ ತಂದಿದ್ದರು,
ಹಸಿರು ಬಳಿದಿದ್ದರು, ಹಸಿರಿನೊಳಗೆ ನಾವಿರಲಿಲ್ಲ.
ಹೊಡೆಯಲಿಲ್ಲ, ಬಯ್ಯಲಿಲ್ಲ, ಸುಳ್ಳು ಯಾಕೆ,
ಟ್ರ್ಯಾಕ್ಟರು ಕಳಿಸಿದರು.
ಹದಿನಾಲ್ಕು ಮನೆ, ಕೋಳಿ, ಹಂದಿ, ಬಿತ್ತನೆಯ ಜೋಳ,
ಪ್ರಾರ್ಥನೆಯ ಗಂಟೆ, ಎಲ್ಲ ಡಾಂಬರು ರಸ್ತೆಯ ಬದಿಗೆ ಬಂದವು.
ಹಿತ್ತಲಿನ ಹುಳಿಕಿತ್ತಳೆಯನ್ನು ಹೇರಲಾಗಲಿಲ್ಲ.

“ಚುಕ್ಕೆಯವನಿಗೆ ಪಟ್ಟಾ ಆಯಿತು,” ಅನ್ನುತ್ತಿದ್ದ ಅಪ್ಪ,
ಸಾಯುವ ವರ್ಷದವರೆಗೂ.
ಆ ಚುಕ್ಕೆಯವನ ಉಪ್ಪೇ ನಾನೀಗ ಉಣ್ಣುವುದು:
ಮಗಳ ಶಾಲೆ, ಅವ್ವನ ಕಣ್ಣಿನ ಔಷಧ,
ತಗಡಿನ ಸೂರು.
ಹಾಳಾಗಿ ಹೋಗಲಿ ಅನ್ನಲಾರೆ. ಬಾಳಲಿ ಅನ್ನುವಾಗಲೂ
ನಾಲಿಗೆ ಒಂದು ಗಳಿಗೆ ತಡೆಯುತ್ತದೆ.

“ಇದು ಕಿತ್ತಳೆಯಾ?” ಒಬ್ಬ ಹುಡುಗಿ ಕೇಳುತ್ತಾಳೆ. “ಕೀಳಲಾ?”
ಬೇಡ ಮಗಳೇ, ಫಲಕ ಓದಲಿಲ್ಲವೇ.
“ಕಾಡಿನಲ್ಲಿ ಇದನ್ನು ನೆಟ್ಟವರಾರು?”
ಹಕ್ಕಿಗಳು, ಅನ್ನುತ್ತೇನೆ.

ಏಳಿ, ಜಲಪಾತಕ್ಕೆ ಇನ್ನು ಅರ್ಧ ತಾಸು.
ಅದಕ್ಕೀಗ ಕರಪತ್ರದಲ್ಲಿ ಇಂಗ್ಲಿಷಿನ ಹೆಸರಿದೆ,
ನಮಗೆ ಅದು ಬರೀ ಸದ್ದು.
“ಸದ್ದಿನ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ,” ಅವ್ವ ಗದರುತ್ತಿದ್ದಳು.
ಬಿಡಿ, ನೀವು ಇಳಿಯಬಹುದು.
ಎಡಗಡೆಯ ಬಂಡೆ ಪಾಚಿ, ಬಲಗಡೆ ಆಳ.
ನಿಮ್ಮ ಗಡಿಯಾರ, ಫೋನು, ಕನ್ನಡಕ
ನಾನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ,
ನೀರು ಬಿದ್ದು ಮತ್ತೆ ಬೀಳುವುದನ್ನು ನೋಡುತ್ತ.

ಒಂಬತ್ತು, ಹತ್ತು, ಹನ್ನೊಂದು. ಸರಿ.
ವ್ಯಾನು ಹೊರಟ ಮೇಲೆ ಧೂಳಿನಲ್ಲಿ ಮನೆಗೆ ನಡೆಯುತ್ತೇನೆ.
ಅವ್ವನಿಗೆ ಈಗ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ.
ಏನೂ ಕೇಳುವುದಿಲ್ಲ, ಕೈ ಚಾಚುತ್ತಾಳೆ,
ನನ್ನ ಬೆರಳನ್ನು ಮೂಗಿಗೆ ಹಿಡಿಯುತ್ತಾಳೆ.
(ಬರುವಾಗ ಒಂದೆಲೆ ಹಿಸುಕಿ ಅಲ್ಲೇ ಬಿಟ್ಟಿದ್ದೆ.
ವಾಸನೆಯ ಮಾತು ಫಲಕದಲ್ಲಿಲ್ಲ.)
ತುಂಬ ಹೊತ್ತು ಮೂಸಿ,
“ಇನ್ನೂ ಹೂ ಬಿಟ್ಟಿಲ್ಲ,” ಅನ್ನುತ್ತಾಳೆ.
“ಇರುವೆ ಹತ್ತಿರಬೇಕು ಕಣೋ. ಬುಡಕ್ಕೆ ಬೂದಿ ಹಾಕು.”

ನಾಳೆ ಒಂಬತ್ತು ಜನ ಬರುವವರಿದ್ದಾರೆ.
ಬೆಳಗಿನ ಒಲೆ ಆರಿದ ಮೇಲೆ
ಒಂದು ಹಿಡಿ ಜೇಬಿಗೆ ತುಂಬಿಕೊಳ್ಳಬೇಕು.